ಮರಳು ವರ್ಬೀನಾ ಬೆಳೆಸುವ ಬಗೆ

ಮರುಭೂಮಿಯ ಹೂಗಿಡವಾದ ಮರಳು ವರ್ಬೀನಾ ಮೊಳೆಯಲೇ ಇಲ್ಲ ಎನ್ನುವವರಲ್ಲಿ ಹೆಚ್ಚಿನವರು ಬಿತ್ತಿರುವುದು ಬೀಜವನ್ನಲ್ಲ, ಇಡೀ ಕಾಯಿಯನ್ನು. ಪೊಟ್ಟಣದಲ್ಲಿ ಬರುವ, ಮೂರರಿಂದ ಐದು ರೆಕ್ಕೆಗಳ ಒಣ ಕಾಗದದಂಥದ್ದು ಬರೀ ಹೊದಿಕೆ. ಒಳಗಿರುವುದು ಒಂದೇ ಬೀಜ. ಎಷ್ಟೋ ಕಾಯಿಗಳಲ್ಲಿ ಅದೂ ಇರುವುದಿಲ್ಲ.

ಹಾಗಾಗಿ ಮೊದಲ ಕೆಲಸ ಹೊದಿಕೆ ಬಿಡಿಸುವುದು. ಕಾಯಿಯ ನಡುಭಾಗವನ್ನು ಎರಡು ಬೆರಳಲ್ಲಿ ಒತ್ತಿ ನೋಡಿ. ಮೆತ್ತಗೆ ಕುಸಿದರೆ ಜೊಳ್ಳು, ಎಸೆಯಿರಿ. ಗಟ್ಟಿಯಾಗಿ ತಡೆದರೆ ರೆಕ್ಕೆಗಳನ್ನು ಉಗುರಿನಿಂದ ಉದ್ದಕ್ಕೆ ಸೀಳಿ. ಕಡುಕಂದು ಬಣ್ಣದ ನುಣುಪು ಬೀಜ ಹೊರಬರುತ್ತದೆ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟರೆ ಮೊಳಕೆ ತೀರಾ ಕಡಿಮೆ.

ಈ ಗಿಡ ಬೋಗನ್‌ವಿಲ್ಲಾ, ಸಂಜೆಮಲ್ಲಿಗೆಗಳ ಕುಟುಂಬದ್ದು. ಅಮೆರಿಕದ ನೈಋತ್ಯಕ್ಕೂ ಮೆಕ್ಸಿಕೊದ ವಾಯವ್ಯಕ್ಕೂ ಹರಡಿರುವ ಸೊನೋರಾ, ಮೊಹಾವಿ ಮರುಭೂಮಿಗಳ ಮರಳೇ ಇದರ ತವರು. ಅಲ್ಲಿ ಶರತ್ಕಾಲ ಮತ್ತು ಚಳಿಗಾಲದ ಮಳೆಗೆ ಮೊಳೆತು, ಸಾಮಾನ್ಯವಾಗಿ ಫೆಬ್ರವರಿಯಿಂದ ಮೇವರೆಗೆ ಗುಲಾಬಿ-ನೇರಳೆ ಹೂಗೊಂಚಲು ಬಿಡುತ್ತದೆ. ಬಿತ್ತನೆಗೆ ಬಿಸಿಲು ಇಳಿದು ರಾತ್ರಿ ತಂಪಾಗುವ ಕಾಲ ಆರಿಸಿ. ಬೀಜವನ್ನು ನರ್ಸರಿಯಿಂದಲೇ ತರಿಸಿ; ಕ್ಯಾಲಿಫೋರ್ನಿಯಾದ ಆಂಜಾ-ಬೊರೆಗೊದಂಥ ಉದ್ಯಾನಗಳಲ್ಲಿ ಹೂವಾಗಲಿ ಬೀಜವಾಗಲಿ ಕೀಳುವಂತಿಲ್ಲ.

ಕುಂಡ ಕನಿಷ್ಠ 30 ಸೆಂ.ಮೀ. ಆಳವಿರಲಿ. ತೊಳೆದ ದಪ್ಪ ಮರಳು ಮೂರು ಪಾಲು, ಸಾಧಾರಣ ಮಣ್ಣು ಒಂದು ಪಾಲು. ಗಾರೆಗೆ ಬಳಸುವ ನುಣ್ಣನೆ ಮರಳು ಬೇಡ, ಅದು ಒತ್ತಿಕೊಂಡು ನೀರು ಹಿಡಿದಿಡುತ್ತದೆ. ಗೊಬ್ಬರವೂ ಬೇಡ. ಸಾರಜನಕ ಹೆಚ್ಚಾದರೆ ಎಲೆ ಸೊಕ್ಕಿ ಹೂವು ಕಡಿಮೆಯಾಗುತ್ತದೆ.

ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ, ಬೆಳೆಯಬೇಕಾದ ಜಾಗದಲ್ಲೇ ಹಾಕಿ. ತಾಯಿಬೇರು ಬೇಗ ಕೆಳಗಿಳಿಯುವುದರಿಂದ ಕಿತ್ತು ನೆಟ್ಟರೆ ಸೊರಗುತ್ತದೆ. ಮೊಳಕೆ ಒಟ್ಟಿಗೇ ಬರುವುದಿಲ್ಲ, ಕೆಲವು ವಾರ ಕಾಯಿರಿ. ಅಲ್ಲಿಯವರೆಗೆ ಮೇಲ್ಪದರ ಆರಬಾರದು. ಬೀಜದಳದ ನಂತರ ನಾಲ್ಕು ನಿಜವಾದ ಎಲೆ ಬಂದ ಮೇಲೆ ಲೆಕ್ಕ ತಿರುವುಮುರುವು: ಮೇಲಿನ 3-4 ಸೆಂ.ಮೀ. ಒಣಗಿದ ನಂತರವೇ ನೀರು. ಸಸಿಯ ಬುಡ ಕಪ್ಪಾಗಿ ಬಾಗಿದರೆ ಅದು ಅತಿ ತೇವದಿಂದ ಬಂದ ಶಿಲೀಂಧ್ರ. ಆ ಸಸಿ ಉಳಿಯುವುದಿಲ್ಲ, ಕಿತ್ತು ಹಾಕಿ ಉಳಿದವಕ್ಕೆ ನೀರು ಇಳಿಸಿ. ಕಾಂಡಗಳು ನೆಲದ ಮೇಲೆ ಹಬ್ಬುವುದರಿಂದ ಗಿಡದಿಂದ ಗಿಡಕ್ಕೆ ಅರ್ಧ ಮೀಟರ್ ಬಿಡಿ, ಇಡೀ ದಿನ ಬಿಸಿಲು ಬೀಳಲಿ.

ಎಲೆ, ಕಾಂಡಗಳ ಅಂಟು ರೋಮಗಳಿಗೆ ಮರಳು ಮೆತ್ತಿಕೊಳ್ಳುತ್ತದೆ. ಕೊಳಕೆಂದು ತೊಳೆಯಬೇಡಿ. ಇದೇ ಕುಲದ ಹಳದಿ ಮರಳು ವರ್ಬೀನಾದ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮರಳು ತೆಗೆದ ಎಲೆಗಳನ್ನು ಪ್ರಾಣಿ-ಕೀಟಗಳು ಹೆಚ್ಚು ತಿಂದಿದ್ದವು. ಅದಕ್ಕೇ ನೀರನ್ನು ಬುಡಕ್ಕೆ ಮಾತ್ರ ಹಾಕಿ. ತವರಿನಲ್ಲಿ ಬಾಲದ ತುದಿಗೆ ಕೊಂಬಿರುವ ಸ್ಫಿಂಕ್ಸ್ ಪತಂಗದ ಹುಳು ಕಾಣಿಸಿದರೆ ಕೈಯಿಂದ ತೆಗೆದು ಬೇರೆಡೆ ಬಿಡಿ. ವಿಷ ಸಿಂಪಡಿಸಬೇಡಿ, ಸುವಾಸನೆಗೆ ಸಂಜೆ ಬಂದು ಪರಾಗಸ್ಪರ್ಶ ಮಾಡುವುದು ಅಂಥ ಪತಂಗಗಳೇ.

ಗೊಂಚಲು ಹುಲ್ಲಿನ ಬಣ್ಣಕ್ಕೆ ತಿರುಗಿ ಕಾಯಿ ಮುಟ್ಟಿದರೆ ಉದುರುವಂತಾದಾಗ ಬಿಡಿಸಿಕೊಂಡು, ಒಂದು ವಾರ ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿ ಕಟ್ಟಿಟ್ಟರೆ ಉಳಿದ ತೇವಕ್ಕೆ ಬೂಸ್ಟು ಹಿಡಿಯುತ್ತದೆ.