ಬೂದು ಬಣ್ಣದೊಳಗೆ ಏನೇನಿತ್ತು

ನನ್ನ ಬಳಿ ಒಂದು ಪುಸ್ತಕವಿದೆ. ಅದರಲ್ಲಿ ಚಿತ್ರಗಳಿಲ್ಲ. ಒಂದೊಂದು ಪುಟದಲ್ಲೂ ಹೆಬ್ಬೆರಳ ಉಗುರಿನಷ್ಟಗಲದ ಮೂರೋ ನಾಲ್ಕೋ ಬಣ್ಣದ ಚೌಕಗಳು, ಪಕ್ಕದಲ್ಲಿ ಗಂಟೆ, ಬಿಸಿಲಿತ್ತೋ ಮೋಡವಿತ್ತೋ ಎಂಬ ಒಂದು ಸಾಲು, ಆ ಹೊತ್ತಿಗೆ ಮನಸ್ಸು ಹೇಗಿತ್ತು ಎಂಬುದಕ್ಕೆ ಒಂದೇ ಒಂದು ಪದ. ಎರಡು ವರ್ಷದಿಂದ ನಾನು ಬಿಡಿಸಿದ ಜಲವರ್ಣ ಚಿತ್ರಗಳೆಲ್ಲ ಹುಟ್ಟಿದ್ದು ಈ ಪುಸ್ತಕದಿಂದ.

ಅದಕ್ಕೂ ಮೊದಲು ಮೂಡ್ ಬರಲಿ ಎಂದು ಕಾಯುತ್ತಿದ್ದೆ. ರಜೆಯ ದಿನ ಬೆಳಿಗ್ಗೆ ಹಲಗೆಗೆ ಕಾಗದ ಅಂಟಿಸಿ, ಬಣ್ಣಗಳಿಗೆ ನೀರು ಚಿಮುಕಿಸಿ, ಕೂತುಬಿಡುತ್ತಿದ್ದೆ. ಏನೂ ಬರುತ್ತಿರಲಿಲ್ಲ. ಕೊನೆಗೆ ಫೋನಿನಲ್ಲಿದ್ದ ಯಾವುದಾದರೂ ಸೂರ್ಯಾಸ್ತದ ಫೋಟೊ ತೆಗೆದು ನೋಡಿಕೊಂಡು ಬಿಡಿಸುತ್ತಿದ್ದೆ. ಕೆಂಪು, ಕಿತ್ತಳೆ, ನೇರಳೆ ಎಲ್ಲವೂ ಇರುತ್ತಿತ್ತು, ಸಂಜೆ ಮಾತ್ರ ಇರುತ್ತಿರಲಿಲ್ಲ. ನನಗೆ ಕಲೆಯ ಶಿಕ್ಷಣ ಇಲ್ಲ, ಅದಕ್ಕೇ ಹೀಗಾಗುತ್ತಿದೆ ಎಂದುಕೊಂಡಿದ್ದೆ. ಕಾರಣ ಅದಾಗಿರಲಿಲ್ಲ. ನಾನು ಬಿಡಿಸುತ್ತಿದ್ದ ಸಂಜೆಗಳಲ್ಲಿ ನಾನು ಇರಲೇ ಇಲ್ಲ, ಅಷ್ಟೇ.

ಒಂದು ಮೋಡ ಕವಿದ ಸಂಜೆ ಕೆರೆಯ ದಂಡೆಯಲ್ಲಿ ಸುಮ್ಮನೆ ಕೂತಿದ್ದೆ. ಚೀಲದಲ್ಲಿ ಆರು ಬಣ್ಣದ ಸಣ್ಣ ಡಬ್ಬಿ, ಒಂದು ಬ್ರಷ್ ಇತ್ತು. ಚಿತ್ರ ಬಿಡಿಸುವ ಯೋಚನೆ ಇರಲಿಲ್ಲ. ಈ ನೀರಿನ ಬಣ್ಣ ಕಲಸಲು ಬರುತ್ತದೆಯೇ ನೋಡೋಣ ಎನ್ನಿಸಿತು. ನೀರು ಎಂದರೆ ನೀಲಿ ಎಂದು ಕೈ ತಾನಾಗಿ ಅಲ್ಟ್ರಾಮರೀನ್‌ಗೆ ಹೋಯಿತು. ಕಾಗದದ ಅಂಚಿಗೆ ಹಚ್ಚಿ, ಅದನ್ನು ನೀರಿನೆದುರು ಎತ್ತಿ ಹಿಡಿದೆ. ನನ್ನ ನೀಲಿ ಕೂಗುತ್ತಿತ್ತು, ಕೆರೆ ಪಿಸುಗುಡುತ್ತಿತ್ತು. ಸ್ವಲ್ಪ ಬರ್ನ್ಟ್ ಸಿಯೆನ್ನಾ ಸೇರಿಸಿದೆ. ಅದು ಕೆಂಗಂದು, ಕಿತ್ತಳೆಯ ಕಡೆಗೆ ವಾಲುವ ಬಣ್ಣ, ನೀಲಿಯ ಎದುರಾಳಿ. ಎರಡೂ ಸೇರಿದರೆ ಒಂದನ್ನೊಂದು ತಣಿಸಿ ಬೂದಾಗುತ್ತವೆ. ಮತ್ತೆ ಎತ್ತಿ ಹಿಡಿದೆ, ಇನ್ನೂ ನೀಲಿ ಜಾಸ್ತಿ. ಮತ್ತೆ ಸೇರಿಸಿದೆ, ಈಗ ಕಂದು ಜಾಸ್ತಿ. ಒಂದು ಹನಿ ಕೆಂಪು, ತುಂಬ ನೀರು. ಏಳನೆಯ ಸಲ ಕಾಗದದ ಅಂಚು ಎಲ್ಲಿ ಮುಗಿಯಿತು, ಕೆರೆ ಎಲ್ಲಿ ಶುರುವಾಯಿತು ಎಂದು ತಿಳಿಯಲಿಲ್ಲ. ನೇರಳೆಯ ನೆನಪಿರುವ ಒಂದು ಬೂದು ಅದು.

ಆ ಕಾಲು ಗಂಟೆ ಮೂಡ್ ಎಂಬ ಪದವೇ ನನ್ನ ತಲೆಯಲ್ಲಿ ಸುಳಿಯಲಿಲ್ಲ. ಆದರೆ ತಲೆ ಎತ್ತಿದಾಗ ಆ ಸಂಜೆ ನನ್ನೊಳಗೆ ಪೂರ್ತಿ ಇಳಿದಿತ್ತು. ಮನೆಗೆ ಬಂದು ಆ ಒಂದು ಬೂದನ್ನೇ ಮತ್ತೆ ಕಲಸಿ ಇಡೀ ಕಾಗದಕ್ಕೆ ಹರಿಯಬಿಟ್ಟೆ, ಮೇಲೆ ಕಡುಬಣ್ಣದಲ್ಲಿ ದೂರದ ದಂಡೆಯ ಒಂದು ಗೆರೆ ಎಳೆದೆ. ಇಂದಿಗೂ ನನ್ನ ಚಿತ್ರಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಅದೇ.

ಚೌಕಗಳ ಪುಸ್ತಕ ಶುರುವಾದದ್ದು ಮಾರನೆಯ ದಿನ. ಪಕ್ಕದಲ್ಲಿ ಗಂಟೆ, ಹವೆ ಬರೆಯುವ ರೂಢಿಯನ್ನು ಇಂಗ್ಲೆಂಡಿನ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೇಬಲ್‌ರಿಂದ ಕಲಿತೆ. ಅವರು 1821 ಮತ್ತು 1822ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬರೀ ಮೋಡಗಳನ್ನೇ ನೋಡಿ ಎಷ್ಟೋ ಎಣ್ಣೆಬಣ್ಣದ ಸ್ಕೆಚ್‌ಗಳನ್ನು ಮಾಡಿದರು. ಹಲವುಗಳ ಬೆನ್ನಿಗೆ ದಿನಾಂಕ, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದೆಲ್ಲ ಬರೆದಿಟ್ಟಿದ್ದಾರೆ. ಅಂಥ ಕಲಾವಿದರಿಗೇ ಗಾಳಿಯ ದಿಕ್ಕು ಬರೆದಿಡಬೇಕು ಎನ್ನಿಸಿದ್ದರೆ, ನನಗೆ ಅದು ಇನ್ನೂ ಹೆಚ್ಚು ಬೇಕು.

ಬಣ್ಣ ನೋಡುವುದಕ್ಕೆ ನನಗೆ ಅತಿ ಹೆಚ್ಚು ನೆರವಾದ ಸಾಧನ ಒಂದು ಬೂದು ರಟ್ಟಿನ ತುಂಡು. ನಡುವೆ ಪೆನ್ಸಿಲ್ ತೂರುವಷ್ಟು ತೂತು ಮಾಡಿ, ಕೈ ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತೇನೆ. ತೂತಿನೊಳಗೆ ಮರವಿಲ್ಲ, ಎಲೆಯಿಲ್ಲ. ಹೆಸರು ಕಳೆದುಕೊಂಡ ಒಂದು ಬಣ್ಣ ಮಾತ್ರ. ಹೆಸರು ಹೋದ ಮೇಲೆ ಕಣ್ಣು ಸುಳ್ಳು ಹೇಳುವುದು ಕಡಿಮೆ. ಕೆರೆಯ ಪಕ್ಕದ ನೀಲಗಿರಿ ಮರವನ್ನು ಮೊದಲ ಸಲ ಹೀಗೆ ನೋಡಿದಾಗ ನಾನು ಹಸಿರು ಹುಡುಕುತ್ತಿದ್ದೆ. ಮೇಲುಗಡೆ ಹೊಳೆಯುವ ಎಲೆಗಳಲ್ಲಿ ಹಸಿರೇ ಇರಲಿಲ್ಲ, ತಿಳಿ ನೀಲಿ ಬೂದು ಇತ್ತು. ಎಲೆಯ ನಯವಾದ ಮೈ ಆಕಾಶವನ್ನು ಕನ್ನಡಿಯಂತೆ ಹಿಂದಿರುಗಿಸುತ್ತದೆ. ಬಿಸಿಲು ಹಿಂದಿನಿಂದ ತೂರಿ ಬಂದ ಕಡೆ ಅದೇ ಎಲೆ ಹಳದಿ ಬೆರೆತ ಗಿಳಿಹಸಿರು. ಎಲೆಯೊಳಗಿನ ಹರಿತ್ತು (ಕ್ಲೋರೊಫಿಲ್) ಬೆಳಕಿನ ಕೆಂಪನ್ನೂ ನೀಲಿಯನ್ನೂ ಹೀರಿಕೊಂಡು ಉಳಿದದ್ದನ್ನು ಮಾತ್ರ ಆಚೆ ಬಿಟ್ಟಿರುತ್ತದೆ. ಒಳಗಿನ ನೆರಳಿನಲ್ಲಿ ಅದು ಬಹುಮಟ್ಟಿಗೆ ನೇರಳೆಗಪ್ಪು. ಒಂದೇ ಮರ, ಒಂದೇ ಕ್ಷಣ, ಮೂರು ಬಣ್ಣ. ನಾನು ಅಲ್ಲಿಯವರೆಗೆ ಟ್ಯೂಬಿನಿಂದ ತೆಗೆದ ಒಂದೇ ಹಸಿರನ್ನು ತೆಳು ಮಾಡಿ, ದಟ್ಟ ಮಾಡಿ ಎಲ್ಲ ಮರಗಳಿಗೂ ಬಳಿಯುತ್ತಿದ್ದೆ. ಅಂದಿನಿಂದ ಹಸಿರು ಟ್ಯೂಬನ್ನು ಮುಟ್ಟಿಲ್ಲ. ನೀಲಿ, ಹಳದಿ, ಒಂದಿಷ್ಟು ಕಂದು ಸೇರಿಸಿ ಪ್ರತಿ ಸಲವೂ ಹೊಸದಾಗಿ ಕಲಸುತ್ತೇನೆ.

ಆ ಮರದ ತೊಗಟೆಯ ಬಗ್ಗೆ ಬರೆಯಲು ಹೊರಟರೆ ನನಗೆ ನಿಲ್ಲಿಸಲು ಕಷ್ಟ. ಉದ್ದುದ್ದ ಪಟ್ಟಿಯಾಗಿ ಸುಲಿದು ಜೋತುಬೀಳುತ್ತದೆ. ಈಗಷ್ಟೇ ಸುಲಿದ ಕಡೆ ಕೆನೆಬಣ್ಣ, ಅದರ ಪಕ್ಕ ನಸುಗೆಂಪು ಕಲೆ, ಹಳೆಯ ಭಾಗ ಬೂದಿಬಣ್ಣ. ಮಳೆ ಬಂದು ನಿಂತ ಹತ್ತು ನಿಮಿಷ ಇವೆಲ್ಲ ಒಮ್ಮೆಲೇ ದಟ್ಟವಾಗುತ್ತವೆ. ಒಣ ತೊಗಟೆಯ ಒರಟು ಮೈ ಬೆಳಕನ್ನು ಎಲ್ಲ ಕಡೆಗೂ ಚೆದುರಿಸಿ ಬಣ್ಣವನ್ನು ಮಾಸಲು ಮಾಡಿರುತ್ತದೆ. ನೀರಿನ ತೆಳು ಪದರ ಆ ಒರಟನ್ನು ತುಂಬಿ ಚೆದುರುವುದನ್ನು ಕಡಿಮೆ ಮಾಡುತ್ತದೆ. ಈ ಕಾರಣ ತಿಳಿದ ಮೇಲೆ ನನ್ನ ಬೆರಗು ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಮಳೆ ನಿಂತ ಕೂಡಲೇ ಈಗ ನಾನು ಓಡುವುದು ಆ ಮರದ ಹತ್ತಿರಕ್ಕೆ.

ಹೊಳಪಿನ ಬಣ್ಣಕ್ಕೆ ಹೊಳಪಿನ ಬಣ್ಣವೇ ಬೇಕು ಎಂಬ ನಂಬಿಕೆ ನನ್ನನ್ನು ಬಹಳ ದಿನ ಕಾಡಿತು. ಸಂಜೆ ಮೋಡದ ಅಂಚಿನಲ್ಲಿ ಕಂಡ ಕಿತ್ತಳೆಯನ್ನು ಕಾಗದದ ಮೇಲೆ ತರಲು ಎಷ್ಟು ದಟ್ಟ ಹಚ್ಚಿದರೂ ಅದು ಬೆಳಗುತ್ತಿರಲಿಲ್ಲ. ಉತ್ತರ ಸಿಕ್ಕಿದ್ದು ಮಿಷೆಲ್ ಯುಜೀನ್ ಶೆವ್ರಲ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞರ ವಿಷಯ ಓದಿದಾಗ. ಪ್ಯಾರಿಸ್ಸಿನ ಗೋಬ್ಲಾ ಚಿತ್ರಗಂಬಳಿ ಕಾರ್ಖಾನೆಯಲ್ಲಿ ಬಣ್ಣ ಅದ್ದುವ ವಿಭಾಗ ಅವರ ಕೈಯಲ್ಲಿತ್ತು. ಕಪ್ಪು ನೂಲು ಸಪ್ಪೆಯಾಗಿ ಕಾಣುತ್ತದೆ ಎಂದು ದೂರು ಬಂತು. ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿಲ್ಲ. ಪಕ್ಕದಲ್ಲಿ ನೇಯ್ದ ನೀಲಿ, ನೇರಳೆ ನೂಲುಗಳು ಕಪ್ಪನ್ನು ಹಾಗೆ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು ಅವರು 1839ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಓದಿದ್ದು ಸಾಲದೆಂದು ಕೈಯಿಂದ ಮಾಡಿ ನೋಡಿದೆ. ಒಂದೇ ಬೂದನ್ನು ಕಲಸಿ ಎರಡು ಚೂರು ಕಾಗದಕ್ಕೆ ಹಚ್ಚಿ, ಒಂದನ್ನು ಕಿತ್ತಳೆಯ ನಡುವೆ, ಇನ್ನೊಂದನ್ನು ನೀಲಿಯ ನಡುವೆ ಇಟ್ಟೆ. ಕಿತ್ತಳೆಯ ನಡುವಿನದು ತಣ್ಣಗೆ ನೀಲಿಯಾಯಿತು, ನೀಲಿಯ ನಡುವಿನದು ಬೆಚ್ಚಗಾಯಿತು. ಎರಡನ್ನೂ ಎತ್ತಿ ಪಕ್ಕಪಕ್ಕ ಇಟ್ಟರೆ ಮತ್ತೆ ಒಂದೇ. ಆಮೇಲೆ ಬಿಡಿಸಿದ ಸಂಜೆಯಲ್ಲಿ ಕಿತ್ತಳೆಯನ್ನು ತೆಳ್ಳಗೆ, ಒಂದು ಎಳೆಯಷ್ಟೇ ಬಿಟ್ಟೆ. ಸುತ್ತಲಿನ ಆಕಾಶವನ್ನೆಲ್ಲ ನೀಲಿ ಬೂದಿಗೆ ಇಳಿಸಿದೆ. ಆ ಎಳೆ ಹೊತ್ತಿಕೊಂಡಂತೆ ಉರಿಯಿತು. ಹೊಸಬರು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ: ಆರು ಬಣ್ಣಗಳಿಂದ ಎಷ್ಟು ಬಗೆಯ ಬೂದು ಬರುತ್ತದೆ ಎಂದು ಒಂದು ತಿಂಗಳು ಕಲಸಿ ನೋಡಿ. ಹೊಳಪು ಆಮೇಲೆ ತಾನಾಗಿ ದಕ್ಕುತ್ತದೆ.

ನಡುವೆ ಆರು ತಿಂಗಳು ರಾತ್ರಿ ಪಾಳಿಯ ಕೆಲಸ ಬಂತು. ಬೆಳಗಿನ ಜಾವ ನಡೆದು ಮನೆಗೆ ಬರುವ ಅರ್ಧ ಗಂಟೆ ಬಿಟ್ಟರೆ ಬಣ್ಣ ನೋಡಲು ಬೇರೆ ಹೊತ್ತೇ ಇರಲಿಲ್ಲ. ಆ ದಿನಗಳ ಪುಟಗಳಲ್ಲಿ ಮನಸ್ಸಿನ ಪದದ ಜಾಗದಲ್ಲಿ ಬರೀ ‘ಸುಸ್ತು’, ‘ಸುಸ್ತು’, ‘ಬೇಸರ’. ದಾರಿಯಲ್ಲಿ ಒಂದು ಬೇಲಿಯ ಮೇಲೆ ಕೆಂಪು ಹೂಗಳಿದ್ದವು. ನಸುಕಿನಲ್ಲಿ ಅವು ಕಪ್ಪಗೆ, ಇದ್ದಿಲಿನಂತೆ ಕಾಣುತ್ತಿದ್ದವು. ಅವುಗಳ ಸುತ್ತಲಿನ ಎಲೆಗಳು ಮಾತ್ರ ಹೂವಿಗಿಂತ ತಿಳಿಯಾಗಿ ಬೆಳಗುತ್ತಿದ್ದವು. ಬೆಳಕು ಏರಿದ ಹಾಗೆ ಎಲ್ಲ ಬಣ್ಣಗಳೂ ಬಂದು ಸೇರಿದ ಮೇಲೆ, ಕಟ್ಟಕಡೆಗೆ ಕೆಂಪು ಬರುತ್ತಿತ್ತು. ನಿದ್ದೆಗೆಟ್ಟ ಕಣ್ಣಿನ ದೋಷ ಎಂದುಕೊಂಡಿದ್ದೆ. ಝೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 1825ರಲ್ಲೇ ಇದನ್ನು ಬರೆದಿದ್ದರು. ಮಬ್ಬು ಬೆಳಕಿನಲ್ಲಿ ನಮ್ಮ ಕಣ್ಣಿನಲ್ಲಿ ಬೇರೆ ಬಗೆಯ ಕೋಶಗಳು ಕೆಲಸ ಮಾಡುತ್ತವೆ. ಅವಕ್ಕೆ ನೀಲಿ, ಹಸಿರಿನ ಕಡೆಗೆ ಒಲವು, ಕೆಂಪು ಬಹುತೇಕ ಕಾಣುವುದೇ ಇಲ್ಲ.

ನಸುಕಿನಲ್ಲಿ ಬಣ್ಣ ಕಲಸಲು ಆಗದು, ಪ್ಯಾಲೆಟ್ಟೂ ಅದೇ ಮಬ್ಬಿನಲ್ಲಿರುತ್ತದೆ. ಹಾಗಾಗಿ ಮಾತಿನಲ್ಲಿ ಬರೆದುಕೊಂಡೆ: ‘ಎಲೆ ಹೂವಿಗಿಂತ ಎರಡು ಪಟ್ಟು ತಿಳಿ. ಹೂ ತಣ್ಣಗಿನ ಕಪ್ಪು. ಆಕಾಶ ಹಾಲಿಗೆ ಒಂದು ಹನಿ ಶಾಯಿ ಬಿದ್ದಂತೆ.’ ಮನೆಗೆ ಬಂದು, ನಿದ್ದೆ ಮಾಡಿ ಎದ್ದು, ಮಧ್ಯಾಹ್ನದ ಬೆಳಕಿನಲ್ಲಿ ಚೌಕ ತುಂಬಿಸುತ್ತಿದ್ದೆ. ಪಾಳಿ ಮುಗಿದ ಮೇಲೆ ಒಂದು ದಿನ ಆ ಪುಟಗಳನ್ನೆಲ್ಲ ಒಟ್ಟಿಗೆ ತಿರುವಿದೆ. ‘ಸುಸ್ತು’ ಎಂದು ಬರೆದ ಕಡೆಯೆಲ್ಲ ಪುಸ್ತಕದಲ್ಲೇ ಅತಿ ಮೃದುವಾದ, ಅತಿ ಶಾಂತವಾದ ಬಣ್ಣಗಳಿದ್ದವು. ಮನಸ್ಸಿಗೆ ತಕ್ಕ ಬಣ್ಣ ನಿಸರ್ಗದಲ್ಲಿ ಹುಡುಕಬೇಕು ಎಂದು ನಾನು ತಿಳಿದಿದ್ದೆ. ನಿಸರ್ಗ ನನ್ನ ಮನಸ್ಸನ್ನು ಕೇಳಿರಲೇ ಇಲ್ಲ. ತನ್ನ ಪಾಡಿಗೆ ತಾನು ಬೆಳಗಾಗುತ್ತಿತ್ತು, ನಾನು ದಣಿದ ಕಣ್ಣಿನಿಂದಲೇ ಅದನ್ನು ನೋಡಿ ಬರೆದಿಟ್ಟುಕೊಂಡಿದ್ದೆ. ಆ ಆರು ತಿಂಗಳು ನನ್ನನ್ನು ಕಾಪಾಡಿದ್ದು ಈ ಅರ್ಧ ಗಂಟೆಗಳೇ ಎಂದು ಅಂದು ಗೊತ್ತಾಯಿತು.

ಇನ್ನೊಂದು ವಿಷಯವೂ ಆ ಪುಟಗಳಲ್ಲಿ ಕಂಡಿತು. ಚೌಕಗಳು ನೀಲಿಯೋ ಹಳದಿಯೋ ಎನ್ನುವುದಕ್ಕಿಂತ, ಅವುಗಳಲ್ಲಿ ಅತಿ ತಿಳಿಯಾದದ್ದಕ್ಕೂ ಅತಿ ಕಡುವಾದದ್ದಕ್ಕೂ ಎಷ್ಟು ದೂರ ಎನ್ನುವುದೇ ಪುಟದ ಭಾವವನ್ನು ತೀರ್ಮಾನಿಸುತ್ತಿತ್ತು. ಅಂತರ ಕಡಿಮೆಯಿದ್ದ ಪುಟಗಳು ಪಿಸುಮಾತಿನಂತೆ, ಹೆಚ್ಚಿದ್ದವು ನಡುಹಗಲಿನಂತೆ. ಈಗ ಚಿತ್ರ ಶುರು ಮಾಡುವ ಮೊದಲು ಕಣ್ಣು ಕಿರಿದು ಮಾಡಿ ಈ ಅಂತರವನ್ನು ಅಳೆಯುತ್ತೇನೆ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ, ಆದ್ದರಿಂದ ಎದುರಿಗೆ ಕಂಡ ಬಣ್ಣಕ್ಕಿಂತ ತುಸು ಕಡುವಾಗಿಯೇ ಹಚ್ಚಬೇಕು.

ಸಾಮಗ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ಹತ್ತಿಯ ದಪ್ಪ ಕಾಗದ ನೀರು ತಡೆಯುತ್ತದೆ, ಚೌಕಗಳಿಗೆ ಸಾಧಾರಣ ಕಾಗದವೇ ಸಾಕು. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ನಸುಗೆಂಪು ಮುಂಜಾವಿನ ಒಂದು ಚಿತ್ರವನ್ನು ಅಲಿಜರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಬಣ್ಣದಿಂದ ಬಿಡಿಸಿ ಕಿಟಕಿಯ ಎದುರು ತೂಗುಹಾಕಿದ್ದೆ. ವರ್ಷ ಕಳೆಯುವಷ್ಟರಲ್ಲಿ ಕೆಂಪು ಆವಿಯಾದಂತೆ ಹೊರಟುಹೋಗಿ, ಅಲ್ಟ್ರಾಮರೀನ್ ಒಂದೇ ಉಳಿಯಿತು. ಬೆಚ್ಚಗಿನ ಮುಂಜಾವು ಚಳಿಗಾಲದ ಮಧ್ಯಾಹ್ನವಾಗಿಬಿಟ್ಟಿತ್ತು. ನನಗೆ ನಿಜಕ್ಕೂ ದುಃಖವಾಯಿತು. ಹಳೆಯ ಬಗೆಯ ಅಲಿಜರಿನ್ ಬೆಳಕಿಗೆ ಬಾಳದು ಎಂದು ಟ್ಯೂಬ್ ಕೊಳ್ಳುವಾಗ ಗೊತ್ತಿರಲಿಲ್ಲ. ಈಗ ಆ ಜಾಗದಲ್ಲಿ ಕ್ವಿನಾಕ್ರಿಡೋನ್ ಗುಲಾಬಿ ಇದೆ, ಟ್ಯೂಬಿನ ಮೇಲಿನ ಬೆಳಕು ತಾಳಿಕೆಯ ಗುರುತನ್ನು ಓದದೆ ಯಾವುದನ್ನೂ ಕೊಳ್ಳುವುದಿಲ್ಲ.

ಚೌಕದಿಂದ ಚಿತ್ರಕ್ಕೆ ಹೋಗುವ ದಾರಿ ಹೀಗೆ: ಒಂದು ಪುಟ ಆರಿಸುತ್ತೇನೆ, ಆ ಪುಟದ ಬಣ್ಣಗಳನ್ನು ಬಿಟ್ಟು ಬೇರೆ ಯಾವುದನ್ನೂ ತೆಗೆಯುವುದಿಲ್ಲ. ಅವುಗಳಲ್ಲಿ ಯಾವುದು ಹೆಚ್ಚು ಜಾಗ ತೆಗೆದುಕೊಳ್ಳಬೇಕು, ಯಾವುದು ಚೂರೇ ಚೂರು ಎಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತೇನೆ. ಕಳೆದ ವಾರ ಆರಿಸಿದ್ದು ಮಳೆ ನಿಂತ ಆ ಹತ್ತು ನಿಮಿಷದ ಪುಟ: ಒದ್ದೆ ಕಾಂಡದ ನೇರಳೆಗಂದು, ಮಾಸಲು ಬಿಳಿ ಆಕಾಶ, ಸುಲಿದ ತೊಗಟೆಯೊಳಗಿನ ನಸುಗೆಂಪು. ಆಕಾಶಕ್ಕೆ ಕಾಗದದ ಬಹುಪಾಲು ಬಿಟ್ಟೆ. ಕಾಂಡವನ್ನು ಒಂದೇ ಉಸಿರಿನಲ್ಲಿ, ಒದ್ದೆಯ ಮೇಲೆ ಒದ್ದೆ ಬಣ್ಣ ಇಳಿಸಿ ಎಳೆದೆ. ನಸುಗೆಂಪಿಗೆ ಒಂದೇ ಕಡೆ, ಬೆರಳ ತುದಿಯಷ್ಟು ಜಾಗ.

ಒಣಗಿದ ಮೇಲೆ ಪುಸ್ತಕದ ಚೌಕದ ಪಕ್ಕದಲ್ಲಿಟ್ಟು ನೋಡಿದೆ. ಆಕಾಶ, ಕಾಂಡ ಸರಿಯಾಗಿದ್ದವು. ನಸುಗೆಂಪು ಇನ್ನೂ ಬಂದಿಲ್ಲ, ಅದಕ್ಕೆ ಎಲ್ಲೋ ಒಂದು ಕಣ ಹಳದಿ ಬೇಕು. ಚಿತ್ರದ ಬೆನ್ನಿಗೆ ಅದನ್ನು ಬರೆದಿಟ್ಟಿದ್ದೇನೆ. ಇವತ್ತು ಬೆಳಿಗ್ಗೆಯಿಂದ ಮೋಡ ಕಟ್ಟುತ್ತಿದೆ. ರಟ್ಟಿನ ತುಂಡು, ಡಬ್ಬಿ ಎರಡೂ ಚೀಲದಲ್ಲಿವೆ.