ಹಳೆಯ ಬೇಸ್ ಗಿಟಾರಿನ ದನಿಯನ್ನು ಮರಳಿ ಪಡೆಯುವ ಬಗೆ

ಐವತ್ತು ಅರವತ್ತು ವರ್ಷ ಹಳೆಯದಾದ ಎಲೆಕ್ಟ್ರಿಕ್ ಬೇಸ್ ಗಿಟಾರೊಂದು ಕೈಗೆ ಬಂದಾಗ, ಅದನ್ನು ಒಡನೆಯೇ ಬಿಚ್ಚಿ, ಒರೆಸಿ, ಹೊಳೆಯುವಂತೆ ಮಾಡಬೇಕೆನ್ನುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಒಂದು ವಾರದ ಮಟ್ಟಿಗಾದರೂ ತಡೆದುಕೊಳ್ಳಬೇಕು. ಇಂಥ ವಾದ್ಯಗಳ ದುರಸ್ತಿಯಲ್ಲಿ ನಾನು ಪಾಲಿಸುವ ನಿಯಮ ಒಂದೇ: ವಾದ್ಯ ಮತ್ತೆ ಚೆನ್ನಾಗಿ ನುಡಿಯಲು ಎಷ್ಟು ಬೇಕೋ ಅಷ್ಟು ಕೆಲಸವನ್ನು ಮಾತ್ರ ಮಾಡಬೇಕು, ಮತ್ತು ಮಾಡಿದ ಕೆಲಸವನ್ನು ಮುಂದೆ ಬೇರೊಬ್ಬರು ಬಿಚ್ಚಿ ಹಿಂದಿನ ಸ್ಥಿತಿಗೆ ತರಲು ಸಾಧ್ಯವಿರಬೇಕು. ತೆಗೆದ ಭಾಗ ಒಂದು ಸ್ಕ್ರೂ ಆಗಿದ್ದರೂ ಅದನ್ನು ಎಸೆಯಬಾರದು.

ಮೊದಲು ವಾದ್ಯವನ್ನು ಎಲ್ಲ ಕೋನಗಳಿಂದಲೂ ಚಿತ್ರ ತೆಗೆದು, ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಬೇಕು. ಅದು ಯಾವ ಕಾಲದ್ದೆಂದು ಗುರುತಿಸಲು ಸ್ವಲ್ಪ ಇತಿಹಾಸ ತಿಳಿದಿರಬೇಕಾಗುತ್ತದೆ. ಲಿಯೊ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ಪ್ರಿಸಿಷನ್ ಬೇಸನ್ನು ಹೊರತಂದದ್ದು 1951ರಲ್ಲಿ. ಎರಡು ತುಂಡುಗಳಾಗಿ ಒಡೆದಂತೆ ಕಾಣುವ, ಇಂದಿಗೂ ಎಲ್ಲರಿಗೂ ಪರಿಚಿತವಾದ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಅದಕ್ಕೆ ಬಂದದ್ದು 1957ರಲ್ಲಿ. 1960ರಲ್ಲಿ ಜಾಝ್ ಬೇಸ್ ಬಂತು. 1965ರ ಜನವರಿಯಲ್ಲಿ ಫೆಂಡರ್ ಕಂಪನಿ ಸಿಬಿಎಸ್ ಎಂಬ ಅಮೆರಿಕದ ಪ್ರಸಾರ ಸಂಸ್ಥೆಯ ಕೈಸೇರಿತು. ಸಂಗ್ರಾಹಕರು ಈ ಗೆರೆಯ ಆಚೆ ಈಚೆಗಿನ ವಾದ್ಯಗಳಿಗೆ ಬೇರೆ ಬೇರೆ ಬೆಲೆ ಕಟ್ಟುವುದರಿಂದ, ಕಾಲನಿರ್ಣಯದಲ್ಲಿ ಅವಸರ ಸಲ್ಲದು. ಸೀರಿಯಲ್ ಸಂಖ್ಯೆಯೊಂದನ್ನೇ ನಂಬುವುದು ಸಾಲದು. ನೆಕ್ಕಿನ (ಬೆರಳುಪಟ್ಟಿಯನ್ನು ಹೊತ್ತ ಉದ್ದನೆಯ ಕತ್ತಿನ) ಬುಡದಲ್ಲಿ ಪೆನ್ಸಿಲಿನಿಂದ ಬರೆದ ಅಥವಾ ಮುದ್ರೆಯೊತ್ತಿದ ದಿನಾಂಕವನ್ನೂ, ಪಾಟುಗಳ (ವಾಲ್ಯೂಮ್ ಮತ್ತು ಟೋನ್ ಗುಂಡಿಗಳ ಅಡಿಯ ಪೊಟೆನ್ಷಿಯೊಮೀಟರುಗಳ) ಬೆನ್ನ ಮೇಲಿನ ಸಂಖ್ಯೆಯನ್ನೂ ಓದಬೇಕು. 3046218 ಎಂದಿದ್ದರೆ 304 ಎಂಬುದು ಸ್ಟ್ಯಾಕ್‌ಪೋಲ್ ಎಂಬ ತಯಾರಕರ ಗುರುತು, 62 ಎಂದರೆ 1962ನೆಯ ಇಸವಿ, 18 ಎಂದರೆ ಆ ವರ್ಷದ ಹದಿನೆಂಟನೆಯ ವಾರ. 137ರಿಂದ ಆರಂಭವಾದರೆ ಅದು ಸಿಟಿಎಸ್ ತಯಾರಿಕೆ. ಪಾಟ್ ತಯಾರಾದ ಎಷ್ಟೋ ತಿಂಗಳ ನಂತರ ವಾದ್ಯ ಜೋಡಣೆಯಾಗಿರಬಹುದು ಎಂಬುದನ್ನು ಮರೆಯಬಾರದು. 1966ರ ಪಾಟುಗಳು ನಂತರದ ಕೆಲವು ವರ್ಷಗಳ ಫೆಂಡರ್ ವಾದ್ಯಗಳಲ್ಲೂ ಸಿಗುತ್ತವೆ. ಬೆಸುಗೆಯ ಮೇಲ್ಮೈ ಮಾಸಲಾಗಿ, ಯಾರೂ ಮುಟ್ಟದಂತೆ ಇದ್ದರೆ ಆ ಪಾಟ್ ಮೂಲದ್ದೇ ಎನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇನ್ನು ನೆಕ್. ನಾಲ್ಕು ತಂತಿಗಳು ಸೇರಿ ಎಪ್ಪತ್ತೆಂಬತ್ತು ಕಿಲೋಗ್ರಾಂ ತೂಕದಷ್ಟು ಬಲದಿಂದ ದಶಕಗಳ ಕಾಲ ಎಳೆದ ಮರ ಅದು. ಕೊಂಚ ಬಾಗಿರುವುದು ದೋಷವೇನೂ ಆಗಬೇಕಿಲ್ಲ. ತಂತಿಯನ್ನು ಶ್ರುತಿಗೆ ತಂದು, ಬೆರಳುಪಟ್ಟಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ ಮೊದಲನೆಯದರಲ್ಲೂ ನೆಕ್ ದೇಹವನ್ನು ಸೇರುವಲ್ಲಿನ ಫ್ರೆಟ್‌ನಲ್ಲೂ ಒಂದೇ ತಂತಿಯನ್ನು ಒತ್ತಿ ಹಿಡಿದು, ನಡುವೆ ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲೆ ತಂತಿಗೂ ಲೋಹಕ್ಕೂ ಇರುವ ಅಂತರವನ್ನು ಅಳೆಯಬೇಕು. 0.3ರಿಂದ 0.4 ಮಿಲಿಮೀಟರ್ ಇದ್ದರೆ ನೆಮ್ಮದಿಯಿಂದಿರಬಹುದು. ಹೆಚ್ಚಿದ್ದರೆ ನೆಕ್ಕಿನೊಳಗೆ ಅದರ ಬಾಗನ್ನು ತಿದ್ದಲೆಂದು ಇರುವ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಬಿಗಿ ಮಾಡಬೇಕಾಗುತ್ತದೆ, ಮತ್ತು ಹಳೆಯ ವಾದ್ಯಗಳು ಹಾಳಾಗುವುದು ಹೆಚ್ಚಾಗಿ ಈ ಹಂತದಲ್ಲೇ. ಹಳೆಯ ಫೆಂಡರ್‌ಗಳಲ್ಲಿ ರಾಡಿನ ನಟ್ ನೆಕ್ಕಿನ ಬುಡದಲ್ಲಿ ಅಡಗಿರುವುದರಿಂದ, ತಂತಿಗಳನ್ನು ಸಡಿಲಿಸಿ, ನಾಲ್ಕು ಸ್ಕ್ರೂಗಳನ್ನು ತೆಗೆದು, ನೆಕ್ಕನ್ನು ದೇಹದಿಂದ ಹೊರತೆಗೆಯಬೇಕಾಗುತ್ತದೆ. ನಟ್‌ನ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಬಳಸಿ, ಮೊದಲು ಸ್ವಲ್ಪ ಸಡಿಲಿಸಿ, ಅದು ತಿರುಗುತ್ತದೆಂದು ಖಚಿತವಾದ ಮೇಲೆ ಒಂದು ಸುತ್ತಿನ ಎಂಟನೆಯ ಒಂದು ಭಾಗದಷ್ಟು ಮಾತ್ರ ಬಿಗಿ ಮಾಡಿ, ಮತ್ತೆ ಜೋಡಿಸಿ, ಶ್ರುತಿ ಮಾಡಿ, ರಾತ್ರಿಯೆಲ್ಲ ಬಿಟ್ಟು ಮರುದಿನ ಅಳೆಯಬೇಕು. ನಟ್ ಮೊಂಡುತನ ತೋರಿದರೆ ಬಲ ಹಾಕುವ ಬದಲು ನುರಿತವರ ಕೈಗೆ ಕೊಡುವುದೇ ಸರಿ. ಮುರಿದ ರಾಡನ್ನು ಬದಲಿಸಲು ಬೆರಳುಪಟ್ಟಿಯನ್ನೇ ಎಬ್ಬಿಸಬೇಕಾಗಬಹುದು. ಹಳೆಯ ರಿಕನ್‌ಬ್ಯಾಕರ್ 4001ರ ವಿಷಯ ಇನ್ನೂ ಸೂಕ್ಷ್ಮ. ಅದರಲ್ಲಿ ಎರಡು ರಾಡುಗಳಿದ್ದು, ನೆಕ್ಕನ್ನು ಕೈಯಿಂದ ಬೇಕಾದ ಸ್ಥಿತಿಗೆ ಬಾಗಿಸಿ ಹಿಡಿದುಕೊಂಡು ಆಮೇಲೆ ನಟ್‌ಗಳನ್ನು ಬಿಗಿ ಮಾಡಬೇಕು. ನಟ್‌ಗಳ ಬಲದಿಂದಲೇ ನೆಕ್ಕನ್ನು ಎಳೆಯಲು ಹೋದವರು ಬೆರಳುಪಟ್ಟಿ ಕಿತ್ತುಬಂದದ್ದನ್ನು ಕಂಡಿದ್ದಾರೆ.

ಫ್ರೆಟ್‌ಗಳು ಸವೆದಿದ್ದರೂ ತಂತಿ ಎಲ್ಲೂ ಜುಂಯ್‌ಗುಡದೆ ನುಡಿಯುತ್ತಿದ್ದರೆ ಹಾಗೆಯೇ ಬಿಡಬೇಕು. ಜುಂಯ್‌ಗುಟ್ಟಿದರೆ ಮಟ್ಟಗೊಳಿಸುವುದು ಮೊದಲ ಉಪಾಯ, ಹೊಸ ಫ್ರೆಟ್ ಹಾಕಿಸುವುದು ಕೊನೆಯದು.

ವಿದ್ಯುತ್ ಭಾಗದಲ್ಲಿ ಬಹಳಷ್ಟು ತೊಂದರೆಗಳಿಗೆ ಕಾರಣ ಧೂಳು. ಪಾಟ್ ತಿರುಗಿಸಿದಾಗ ಕರಕರ ಸದ್ದು ಬಂದರೆ ಅದರೊಳಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಬಾರಿ ಚಿಮುಕಿಸಿ ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿದರೆ ಸಾಕಾಗುತ್ತದೆ. ಕೇಬಲ್ ಚುಚ್ಚುವ ಜ್ಯಾಕ್ ಸಡಿಲವಾಗಿದ್ದರೆ ಅದರ ತಗಡಿನ ನಾಲಿಗೆಯನ್ನು ಕೊಂಚ ಒಳಕ್ಕೆ ಬಾಗಿಸಬೇಕು. ಮೂಲ ಕೆಪಾಸಿಟರನ್ನು, ಅದು ಕೆಲಸ ಮಾಡುತ್ತಿರುವವರೆಗೂ, ಬದಲಿಸಬೇಕಿಲ್ಲ. ಹಳೆಯ ಬೆಸುಗೆಯಲ್ಲಿ ಸೀಸ ಇರುತ್ತದೆ; ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಆಮೇಲೆ ಕೈ ತೊಳೆದುಕೊಳ್ಳಬೇಕು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಬೇಸಿನ ತಂತಿಗಳು ಬ್ರಿಡ್ಜಿನ (ದೇಹದ ಮೇಲೆ ತಂತಿಗಳು ಕೂರುವ ಲೋಹದ ಭಾಗದ) ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಹಳೆಯ ಬೇಸಿನ ಜೊತೆ ಹಳೆಯ ಆಂಪ್ಲಿಫೈಯರನ್ನೂ ಬಳಸುವವರು, ಅದಕ್ಕೆ ಸರಿಯಾದ ಅರ್ಥಿಂಗ್ ಇದೆಯೆಂದು ತಿಳಿದವರಿಂದ ಪರೀಕ್ಷೆ ಮಾಡಿಸದೆ ಪ್ಲಗ್ ಹಾಕಲೇಬಾರದು.

ಪಿಕಪ್ ಸತ್ತಿದೆ ಎಂದು ಹೇಳಿ ಬಿಸಾಡಿದ ಎಷ್ಟೋ ಪಿಕಪ್‌ಗಳು ಸತ್ತಿರುವುದಿಲ್ಲ. ಮಲ್ಟಿಮೀಟರಿನಿಂದ ಅಳೆದರೆ ಆರೋಗ್ಯವಾಗಿರುವ ಪ್ರಿಸಿಷನ್ ಪಿಕಪ್ ಹತ್ತು ಹನ್ನೊಂದು ಕಿಲೋ ಓಮ್ ತೋರಿಸುತ್ತದೆ, ಜಾಝ್ ಬೇಸಿನ ಪಿಕಪ್ ಒಂದೊಂದೂ ಏಳೆಂಟು ಕಿಲೋ ಓಮ್. ನನ್ನ ಕೈಗೆ ಬಂದ ಪ್ರಿಸಿಷನ್ ಒಂದರಲ್ಲಿ ಮೀಟರ್ ಏನನ್ನೂ ತೋರಿಸಲಿಲ್ಲ. ಆ ಪಿಕಪ್‌ನ ಎರಡು ಸುರುಳಿಗಳು ಒಂದರ ಹಿಂದೊಂದು ಸೇರಿರುವುದರಿಂದ ಒಂದು ಕಡಿದರೂ ಇಡೀ ವಾದ್ಯ ಮೂಕವಾಗುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಅಳೆದಾಗ ಒಂದು ಸರಿಯಿತ್ತು. ಇನ್ನೊಂದನ್ನು ಭೂತಗನ್ನಡಿಯಡಿ ಹಿಡಿದಾಗ, ಸುರುಳಿಯ ಹೊರತುದಿ ತಳದ ಫೈಬರ್ ಪಟ್ಟಿಯ ಕಣ್ಣನ್ನು ಸೇರುವ ಜಾಗದಲ್ಲಿ ಹಸಿರು ಕಿಲುಬು ಹಿಡಿದು, ತಂತು ಅಲ್ಲಿಯೇ ತುಂಡಾಗಿರುವುದು ಕಂಡಿತು. ಆ ತಂತು ತಲೆಗೂದಲಿನಷ್ಟೇ ತೆಳು, ಸುಮಾರು 0.06 ಮಿಲಿಮೀಟರ್. ಒಂದೇ ಒಂದು ಸುತ್ತನ್ನು ಬಿಚ್ಚಿ, ಅದರ ತುದಿಯ ಎನಾಮೆಲ್ ಲೇಪವನ್ನು ನಯವಾದ ಉಜ್ಜುಕಾಗದದಿಂದ ಸವರಿ, ಕಣ್ಣಿಗೆ ಸುತ್ತಿ, ಬೆಸುಗೆಯ ಒಂದು ಹನಿಯನ್ನು ತಾಗಿಸಿದೆ. ಮೀಟರಿನ ಅಂಕಿ ಮೇಲೆದ್ದಾಗ ಆದ ಸಂತೋಷ ಇಂದಿಗೂ ನೆನಪಿದೆ. ಕಡಿತ ಸುರುಳಿಯ ಒಳಗಡೆ ಇದ್ದರೆ ಇಷ್ಟು ಸುಲಭವಲ್ಲ: ಫೆಂಡರ್ ಪಿಕಪ್‌ಗಳಲ್ಲಿ ತಂತುವನ್ನು ಅಯಸ್ಕಾಂತದ ಕಡ್ಡಿಗಳಿಗೇ ಸುತ್ತಿರುವುದರಿಂದ ಕಡ್ಡಿಯ ತುಕ್ಕು ಒಳಗಿನ ಸುತ್ತುಗಳನ್ನು ತಿನ್ನುತ್ತದೆ. ಆಗ ಹಳೆಯ ತಳಪಟ್ಟಿಯನ್ನೂ ಅಯಸ್ಕಾಂತಗಳನ್ನೂ ಉಳಿಸಿಕೊಂಡು ಹೊಸದಾಗಿ ಸುತ್ತಿಸುವುದೇ ದಾರಿ.

ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಮತ್ತೆ ಬಣ್ಣ ಹೊಡೆಸಬಾರದು. ಅರವತ್ತರ ದಶಕದ ಬಹುಪಾಲಿನಲ್ಲಿ ಬಳಸಿದ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ ತೆಳುವಾಗಿದ್ದು, ವರ್ಷ ಕಳೆದಂತೆ ಹಳದಿಗಟ್ಟಿ, ಕೂದಲೆಳೆಯಂಥ ಬಿರುಕು ಬಿಟ್ಟು, ಮುಂಗೈ ತಾಗುವಲ್ಲಿ ಮರ ಕಾಣುವವರೆಗೆ ಸವೆಯುತ್ತದೆ. ಆ ಸವೆತ ನುಡಿಸಿದವರ ಕೈಯ ಗುರುತು. ಅದನ್ನು ಅಳಿಸಿದರೆ ವಾದ್ಯದ ಬೆಲೆಯೂ ಬಹಳವಾಗಿ ಕುಸಿಯುತ್ತದೆ. ಸ್ವಚ್ಛಗೊಳಿಸಲು ಮೆತ್ತನೆಯ ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಿದರೆ ಬಹುಪಾಲು ಕೊಳೆ ಹೋಗುತ್ತದೆ. ಜಿಡ್ಡು ಉಳಿದರೆ ನ್ಯಾಫ್ತಾ ಎಂಬ ಪೆಟ್ರೋಲಿಯಂ ದ್ರಾವಕವನ್ನು ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಬೆಂಕಿಯಿಂದ ದೂರವಿದ್ದು ಬಳಸಬಹುದು. ಸ್ಪಿರಿಟ್ ಮತ್ತು ಥಿನ್ನರ್ ಮೆರುಗೆಣ್ಣೆಯನ್ನೇ ಕರಗಿಸಬಲ್ಲವು. ರಬ್ಬರ್ ಹೊದಿಸಿದ ಸ್ಟ್ಯಾಂಡಿಗೆ ಒರಗಿಸಿಟ್ಟರೂ ಈ ಲೇಪ ಮೆತ್ತಗಾಗಿ ಕಲೆಯಾಗುತ್ತದೆ. ಬೀಟೆಮರದ ಬೆರಳುಪಟ್ಟಿ ಒಣಗಿದ್ದರೆ ಎರಡು ಹನಿ ಎಣ್ಣೆ ಸವರಿ ಒರೆಸಿಬಿಡಬೇಕು; ಮೆರುಗೆಣ್ಣೆಯಿರುವ ಮೇಪಲ್ ಬೆರಳುಪಟ್ಟಿಗೆ ಎಣ್ಣೆ ಬೇಡ. ಬ್ರಿಡ್ಜಿನ ತುಕ್ಕು ಹಿಡಿದ ಸ್ಕ್ರೂಗಳಿಗೆ ತೆಳುವಾದ ಎಣ್ಣೆಯ ಹನಿ ಹಾಕಿ ಒಂದು ದಿನ ಬಿಟ್ಟರೆ ಸಾಮಾನ್ಯವಾಗಿ ತಿರುಗುತ್ತವೆ.

ಕೊನೆಗೆ ತಂತಿ. ಈ ವಾದ್ಯಗಳು ಹುಟ್ಟಿದ ಕಾಲದಲ್ಲಿ ಸಾಮಾನ್ಯವಾಗಿದ್ದದ್ದು ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೌಂಡ್ ತಂತಿಗಳು, ಮತ್ತು ಫೆಂಡರ್ ಬೇಸುಗಳಲ್ಲಿ ಬ್ರಿಡ್ಜಿನ ಲೋಹದ ಮುಚ್ಚಳದ ಒಳಗೆ ಅನುರಣನವನ್ನು ತಗ್ಗಿಸಲು ಒಂದು ಫೋಮ್ ತುಂಡು. ಆ ಫೋಮ್ ಪುಡಿಯಾಗಿದ್ದರೆ ಹೊಸ ತುಂಡನ್ನು ಅಂಟು ಹಚ್ಚದೆ ಕೂರಿಸಿ ಒಮ್ಮೆ ಕೇಳಿ ನೋಡಬೇಕು. ಅಮೆರಿಕದ ಮೋಟೌನ್ ಎಂಬ ಸಂಗೀತ ಕಂಪನಿಯ ಧ್ವನಿಮುದ್ರಣಗಳಲ್ಲಿ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಮೇಲೆ, ಅಪರೂಪಕ್ಕೆ ಮಾತ್ರ ಬದಲಿಸುತ್ತಿದ್ದ ಫ್ಲಾಟ್‌ವೌಂಡ್ ತಂತಿಗಳನ್ನು ಒಂದೇ ತೋರುಬೆರಳಿನಿಂದ ಮೀಟಿ ಪಡೆದ ಆ ಗುಂಡನೆಯ, ಗಟ್ಟಿಯಾದ ದನಿ ಹೇಗೆ ಬಂತೆಂಬುದು ಆಗ ಕಿವಿಗೇ ತಿಳಿಯುತ್ತದೆ. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ 1962ರ ಜಾಝ್ ಬೇಸಿನಿಂದ ಫ್ರೆಟ್‌ಗಳನ್ನೇ ತೆಗೆದು, ಬೆರಳುಪಟ್ಟಿಗೆ ಎಪಾಕ್ಸಿ ಬಳಿದು, ಮೇಲ್ಮೈ ಒರಟಾಗಿರುವ ರೌಂಡ್‌ವೌಂಡ್ ತಂತಿ ಹಾಕಿ, ಬೇಸನ್ನು ಹಾಡುವಂತೆ ಮಾಡಿದರು. ಅಂಥ ಬದಲಾವಣೆಯನ್ನು ಇಂದು ಮೂಲಸ್ಥಿತಿಯಲ್ಲಿರುವ ವಾದ್ಯದ ಮೇಲೆ ಯಾರೂ ಮಾಡಬೇಕಿಲ್ಲ.

ಶ್ರುತಿ ಮಾಡಿದ ಮೇಲೆ ತಂತಿಯ ಎತ್ತರವನ್ನು ಹದಿನೇಳನೆಯ ಫ್ರೆಟ್‌ನ ಮೇಲೆ ಅಳೆದು, ದಪ್ಪ ತಂತಿಗೆ 2.8, ತೆಳು ತಂತಿಗೆ 2.4 ಮಿಲಿಮೀಟರಿನಿಂದ ಆರಂಭಿಸಿ, ನಿಮ್ಮ ಕೈಗೆ ಹೊಂದುವಂತೆ ತಿದ್ದಿಕೊಳ್ಳಬಹುದು. ಆಮೇಲೆ ಟೋನ್ ಪೂರ್ತಿ ತೆರೆದು, ಬಿಡುತಂತಿಯ ಎ ಸ್ವರವನ್ನೂ, ದಪ್ಪ ತಂತಿಯ ಐದನೆಯ ಫ್ರೆಟ್‌ನಲ್ಲಿ ಸಿಗುವ ಅದೇ ಸ್ವರವನ್ನೂ ಒಂದಾದ ಮೇಲೊಂದು ಮೀಟಿ, ನಾದ ಪೂರ್ತಿ ಇಳಿಯುವವರೆಗೆ ಕೇಳಬೇಕು. ಸ್ಥಾಯಿ ಒಂದೇ ಆದರೂ ಎರಡನೆಯದು ಹೆಚ್ಚು ತುಂಬಿಕೊಂಡು, ಮಂದ್ರದ ಕಡೆಗೆ ವಾಲಿ ನುಡಿಯುತ್ತದೆ. ತಂತಿ ಮಿಡಿಯುವ ಉದ್ದ 34 ಅಂಗುಲವಿರುವ ಫೆಂಡರ್‌ನಲ್ಲಿ ಈ ವ್ಯತ್ಯಾಸ ಒಂದು ಬಗೆ, 30.5 ಅಂಗುಲದ ಗಿಬ್ಸನ್ ಇಬಿ-0ದಲ್ಲಿ, ನೆಕ್ಕಿಗೆ ಅಂಟಿಕೊಂಡಂತಿರುವ ಅದರ ದೊಡ್ಡ ಪಿಕಪ್‌ನಿಂದಾಗಿ, ಇನ್ನೊಂದು ಬಗೆ. ಕೇಳಿದ್ದನ್ನೂ ಅದೇ ಹಾಳೆಯಲ್ಲಿ ಬರೆದು, ತೆಗೆದ ಭಾಗಗಳ ಲಕೋಟೆಯೊಂದಿಗೆ ವಾದ್ಯದ ಪೆಟ್ಟಿಗೆಯಲ್ಲಿಡಿ. ಎರಡು ವಾರಗಳ ನಂತರ ನೆಕ್ಕಿನ ಬಾಗನ್ನು ಮತ್ತೊಮ್ಮೆ ಅಳೆದಾಗ ಅಂಕಿಗಳನ್ನು ಹೋಲಿಸಲು ಅದು ಬೇಕಾಗುತ್ತದೆ.