ಹೊಸ ವರ್ಷದ ಗುರಿ: ಬರೆಯುವುದು ಒಂದು ಸಂಜೆ, ಲೆಕ್ಕ ನೋಡುವುದು 52 ಭಾನುವಾರ

ಡಿಸೆಂಬರ್ 31ರ ರಾತ್ರಿ ಬರೆದ ಪಟ್ಟಿ ಸಂಕ್ರಾಂತಿಯ ಎಳ್ಳು-ಬೆಲ್ಲ ಖಾಲಿಯಾಗುವ ಹೊತ್ತಿಗೆ ಎಲ್ಲಿಟ್ಟೆವೋ ಮರೆತಿರುತ್ತೇವೆ. ಆಮೇಲೆ ನಮಗೆ ಮನಸ್ಸು ಗಟ್ಟಿಯಿಲ್ಲ ಎಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ಆ ಪಟ್ಟಿಯನ್ನು ಹುಡುಕಿ ತೆಗೆದು ಓದಿದರೆ ಬೇರೆಯೇ ಕಾರಣ ಕಾಣುತ್ತದೆ. "ಆರೋಗ್ಯ ನೋಡಿಕೊಳ್ಳಬೇಕು", "ದುಡ್ಡು ಉಳಿಸಬೇಕು", "ಹೆಚ್ಚು ಓದಬೇಕು". ಇದರಲ್ಲಿ ಯಾವುದನ್ನು ಹಿಡಿದು "ಈ ವಾರ ಆಯಿತಾ, ಇಲ್ಲವಾ?" ಎಂದು ಕೇಳಿದರೂ ಹೌದು-ಇಲ್ಲ ಎನ್ನುವ ಉತ್ತರ ಸಿಗುವುದಿಲ್ಲ. ಆದ್ದರಿಂದ ಮೊದಲು ಒಂದು ಕೆಲಸ ಮಾಡಿ: ಗುರಿ ಬರೆಯುವ ಮುಂಚೆ ಲೆಕ್ಕ ನೋಡುವ ದಿನ ಮತ್ತು ಹೊತ್ತನ್ನು ಗೊತ್ತುಮಾಡಿ. ಭಾನುವಾರ ಸಂಜೆ 6ರಿಂದ 6.15 ಎಂದಿಟ್ಟುಕೊಳ್ಳೋಣ. ಆ ಹದಿನೈದು ನಿಮಿಷದಲ್ಲಿ ಲೆಕ್ಕಕ್ಕೆ ಸಿಗುವಂಥದ್ದು ಮಾತ್ರ ಗುರಿಯಾಗಲಿ.

ಮೊದಲು ಹೋದ ವರ್ಷ

ಡಿಸೆಂಬರ್ ಕೊನೆಯ ವಾರದಲ್ಲಿ ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಎದುರಿಗೆ ಮೂರು ಇರಲಿ: ಬ್ಯಾಂಕಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್, ಗೋಡೆಯ ಕ್ಯಾಲೆಂಡರ್ (ಹಾಲಿನ ಲೆಕ್ಕ, ಮದುವೆ, ಆಸ್ಪತ್ರೆ ಎಲ್ಲ ಗೀಚಿರುತ್ತದಲ್ಲ, ಅದೇ), ಮತ್ತು ಫೋನ್ ಸೆಟ್ಟಿಂಗ್ಸ್‌ನಲ್ಲಿ ದಿನಕ್ಕೆ ಎಷ್ಟು ಹೊತ್ತು ಫೋನ್ ನೋಡಿದ್ದೀರಿ ಎಂದು ತೋರಿಸುವ ಪುಟ. ನೆನಪನ್ನು ನಂಬಿ ಕೂತರೆ ಕೊನೆಯ ಎರಡು ತಿಂಗಳು ಮಾತ್ರ ಕಣ್ಣಿಗೆ ಬರುತ್ತವೆ. ಯಾವ ತಿಂಗಳು ಖರ್ಚು ಹಾರಿತು, ಯಾವ ವಾರಗಳು ಪೂರ್ತಿ ಕೈತಪ್ಪಿದವು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ಮುಂದೆ ಅಳತೆ ಹಾಕುವಾಗ ಈ ಹಾಳೆಯೇ ಬೇಕಾಗುವುದು.

ಆಮೇಲೆ ಸಮಯ. ವಾರಕ್ಕೆ 168 ಗಂಟೆ. ನಿದ್ದೆ 56, ದಿನಕ್ಕೆ ಒಂಬತ್ತರಂತೆ ಐದು ದಿನದ ಕೆಲಸ 45, ಬೆಂಗಳೂರಿನಂಥ ಊರಾದರೆ ಓಡಾಟಕ್ಕೆ 10, ಮನೆಗೆಲಸ-ಮಕ್ಕಳು-ಅಂಗಡಿ 21, ಸ್ನಾನ-ಊಟ-ತಿಂಡಿ 14. ಒಟ್ಟು 146 ಆಯಿತು. ಉಳಿದದ್ದು 22. ಅದರಲ್ಲಿ ಅರ್ಧ ಗೃಹಪ್ರವೇಶ, ಜ್ವರ, ನೆಂಟರು ಎಂದು ಹೋಗುತ್ತದೆ. ಕೈಗೆ ಸಿಗುವುದು ಹತ್ತು ಹನ್ನೊಂದು ಗಂಟೆ. ಎಂಟರ ಲೆಕ್ಕದಲ್ಲಿ ಯೋಜನೆ ಹಾಕುವುದು ಜಾಣತನ. ಮನೆಗೆಲಸವೆಲ್ಲ ಒಬ್ಬರ ತಲೆಯ ಮೇಲೇ ಇರುವ ಮನೆಗಳಲ್ಲಿ ಈ ಎಂಟೂ ಸಿಗುವುದಿಲ್ಲ. ಅಲ್ಲಿ ಆ ವರ್ಷದ ಮೊದಲ ಗುರಿ ಮನೆಗೆಲಸ ಹಂಚಿಕೊಳ್ಳುವುದೇ ಆಗಬೇಕು. ಮಿಕ್ಕಿದ್ದೆಲ್ಲ ಅದರ ನಂತರ.

ಎಂಟು ಗಂಟೆಯಲ್ಲಿ ಮೂರು ಗುರಿ ಹಿಡಿಸುತ್ತವೆ. ಹತ್ತು ಬರೆದವರಿಗೆ ಭಾನುವಾರದ ಹದಿನೈದು ನಿಮಿಷ ಸಾಲದು. ಎರಡನೇ ವಾರಕ್ಕೇ ಪುಸ್ತಕ ತೆರೆಯಲು ಬೇಜಾರಾಗುತ್ತದೆ. ಉಳಿದ ಏಳನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ, ಸರದಿ ಬರುತ್ತದೆ.

ಒಂದು ಗುರಿಗೆ ನಾಲ್ಕು ಸಾಲು

200 ಪುಟದ ಗೆರೆ ಹಾಕಿದ ನೋಟ್‌ಬುಕ್ ಸಾಕು. ಆ್ಯಪ್ ಬೇಡವೇ ಎಂದರೆ, ಇಟ್ಟುಕೊಳ್ಳಬಹುದು. ಆದರೆ ಗುರಿ ನೋಡಲು ಫೋನ್ ತೆಗೆದವರು ಇಪ್ಪತ್ತು ನಿಮಿಷ ಬಿಟ್ಟು ಬೇರೆಲ್ಲೋ ಏಳುತ್ತಾರೆ. ಪ್ರತಿ ಗುರಿಗೂ ಒಂದು ಪುಟ, ಪುಟದ ಮೇಲೆ ನಾಲ್ಕು ಸಾಲು.

ಮೊದಲ ಸಾಲು ಫಲ: ವರ್ಷದ ಕೊನೆಗೆ ಏನು ಕೈಯಲ್ಲಿರಬೇಕು. ಎರಡನೆಯದು ಕೆಲಸ: ಅದಕ್ಕಾಗಿ ವಾರಕ್ಕೆ ಎಷ್ಟು ಸಲ, ಎಷ್ಟು ಹೊತ್ತು. ಇವೆರಡನ್ನೂ ಬೇರೆ ಮಾಡಲೇಬೇಕು, ಯಾಕೆಂದರೆ ಫಲ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ತೂಕವನ್ನೇ ನೋಡಿ. ನೀರು, ಉಪ್ಪು, ಹಿಂದಿನ ರಾತ್ರಿಯ ಊಟದಿಂದಲೇ ದಿನದಿಂದ ದಿನಕ್ಕೆ ಒಂದು ಕೆ.ಜಿ. ಏರಿಳಿಯುವುದು ಮಾಮೂಲು. ದಿನಾ ತಕ್ಕಡಿ ಹತ್ತಿದವರು ಸೋಮವಾರ ಹಿಗ್ಗಿ ಬುಧವಾರ ಕುಗ್ಗುತ್ತಾರೆ. ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿ ಬರೆದುಕೊಳ್ಳಿ. ಭಾನುವಾರದ ಲೆಕ್ಕಕ್ಕೆ ಮಾತ್ರ ನಡೆದದ್ದು ಎಷ್ಟು ದಿನ ಎನ್ನುವುದನ್ನೇ ಹಿಡಿಯಿರಿ.

ಮೂರನೇ ಸಾಲು "ಯಾವಾಗ, ಎಲ್ಲಿ". ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಇದನ್ನೇ ಪರೀಕ್ಷಿಸಿ ತೋರಿಸುತ್ತ ಬಂದಿದ್ದಾರೆ: "ಮಾಡುತ್ತೇನೆ" ಎಂದಷ್ಟೇ ಅಂದುಕೊಂಡವರಿಗಿಂತ "ಇದಾದ ತಕ್ಷಣ ಇದನ್ನು ಮಾಡುತ್ತೇನೆ" ಎಂದು ಗೊತ್ತುಮಾಡಿಕೊಂಡವರು ಹೆಚ್ಚು ಸಲ ಮಾಡಿ ಮುಗಿಸುತ್ತಾರೆ. ಕೊಂಡಿ ಹಾಕುವ ಸಂಗತಿ ದಿನವೂ ತಪ್ಪದೆ ನಡೆಯುವಂಥದ್ದಾಗಿರಲಿ. "ಬೆಳಿಗ್ಗೆ ಬೇಗ ಎದ್ದು" ಎಂಬುದು ಕೊಂಡಿಯಲ್ಲ. "ಹಾಲು ಕಾಯಿಸಿ ಇಳಿಸಿದ ಮೇಲೆ ಶೂ ಹಾಕುತ್ತೇನೆ" ಎಂಬುದು ಕೊಂಡಿ. ಮಲೆನಾಡು-ಕರಾವಳಿಯವರು ಇದರ ಕೆಳಗೆ ಮಳೆಗಾಲದ ಸಾಲನ್ನೂ ಜನವರಿಯಲ್ಲೇ ಬರೆದಿಟ್ಟುಕೊಳ್ಳಬೇಕು: "ಮಳೆಯಿದ್ದರೆ ಮೆಟ್ಟಿಲು, ಇಲ್ಲವೇ ಜಗಲಿಯಲ್ಲೇ". ಬರೆಯದಿದ್ದರೆ ಜೂನ್‌ನಲ್ಲಿ ನಿಂತ ನಡಿಗೆ ದಸರೆಯವರೆಗೂ ನಿಂತೇ ಇರುತ್ತದೆ.

ನಾಲ್ಕನೇ ಸಾಲು ಕೆಟ್ಟ ದಿನದ ಅಳತೆ. ತಲೆನೋವು, ಕರೆಂಟ್ ಇಲ್ಲ, ಮನೆ ತುಂಬ ನೆಂಟರು, ಇಂಥ ದಿನವೂ ಆಗುವಷ್ಟು ಸಣ್ಣದು: ಹತ್ತು ನಿಮಿಷ ನಡಿಗೆ, ಎರಡು ಪುಟ ಓದು. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾಲ್ಕರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾವು ಇದನ್ನೇ ಉಳಿಸಿಕೊಳ್ಳಲು ಹೇಳುತ್ತೇವೆ.

"ಬಿಡುತ್ತೇನೆ" ಎನ್ನುವ ಗುರಿಗಳಿಗೆ ಐದನೆಯದೊಂದು ಸಾಲು ಬೇಕು: ಆ ಜಾಗಕ್ಕೆ ಏನು? ಸಂಜೆಯ ಕಾಫಿಗೆ ಸಕ್ಕರೆ ಬಿಡುವುದಾದರೆ ಮೊದಲ ಎರಡು ವಾರ ಅರ್ಧ ಚಮಚ, ಮುಂದಿನ ಎರಡು ವಾರ ಕಾಲು, ಆಮೇಲೆ ಇಲ್ಲ. ಈ ವಿಷಯ ತಿಳಿಯಬೇಕಾದ್ದು ವಾಟ್ಸ್‌ಆ್ಯಪ್ ಗುಂಪಿಗಲ್ಲ, ಕಾಫಿ ಬೆರೆಸುವವರಿಗೆ. ಅಡುಗೆಮನೆಗೆ ಸಂಬಂಧಿಸಿದ ಯಾವ ಗುರಿಯೂ ಅಡುಗೆ ಮಾಡುವವರ ಒಪ್ಪಿಗೆಯಿಲ್ಲದೆ ಫೆಬ್ರುವರಿ ದಾಟುವುದಿಲ್ಲ.

ಅಂಕಿ ಹಾಕುವುದು ಹೇಗೆ

ವರ್ಷಕ್ಕೆ 52 ವಾರವಿದ್ದರೂ 40ಕ್ಕೇ ಲೆಕ್ಕ ಹಾಕಿ. ಕೆನಡಾದಲ್ಲಿ ಪದವಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರಿ ಎಂದು ಕೇಳಿದಾಗ ಸರಾಸರಿ 34 ದಿನ ಎಂದಿದ್ದರು. ಹಿಡಿದದ್ದು ಸುಮಾರು 55. ರೋಜರ್ ಬ್ಯೂಲರ್ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದ ಅಧ್ಯಯನವಿದು. ಮನೆ ಕಟ್ಟಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಓದು: ದಿನಕ್ಕೆ 15 ಪುಟ, ವಾರಕ್ಕೆ 5 ದಿನ, ಅಂದರೆ 75 ಪುಟ. ನಲವತ್ತು ವಾರಕ್ಕೆ 3,000. ಮುನ್ನೂರು ಪುಟದ ಪುಸ್ತಕವಾದರೆ ಹತ್ತು. ಹಾಗಾಗಿ ಗುರಿ ಹತ್ತು ಪುಸ್ತಕ, ಐವತ್ತಲ್ಲ.

ನಡಿಗೆ: ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾಲ್ಕು ದಿನ 40 ನಿಮಿಷ ನಡೆದರೆ 160. ಮಧ್ಯಮ ವೇಗವೆಂದರೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಏಳು ದಿನವೂ ಎಂದು ಬರೆದರೆ ಒಂದು ದಿನ ತಪ್ಪಿದರೂ ವಾರವೇ ಸೋತಂತೆ ಕಾಣುತ್ತದೆ. ನಾಲ್ಕು ಎಂದು ಬರೆದರೆ ಮೂರು ದಿನ ಕೈಯಲ್ಲಿರುತ್ತವೆ.

ಹಣ: ತುರ್ತಿಗೆಂದು 60,000 ರೂಪಾಯಿ ಕೂಡಿಡಬೇಕು ಎಂದುಕೊಳ್ಳಿ. ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 5,000 ಎಂದು ಬರೆಯುವವರೇ ಹೆಚ್ಚು. ಹೋದ ವರ್ಷದ ಹಾಳೆ ನೋಡಿ: ಶಾಲೆ ಶುರುವಾಗುವ ಜೂನ್ ಮತ್ತು ದೀಪಾವಳಿಯ ತಿಂಗಳು ಉಳಿತಾಯ ಸೊನ್ನೆ ಇದ್ದಿದ್ದರೆ ಈ ವರ್ಷವೂ ಸೊನ್ನೆಯೇ. ಆ ಎರಡು ತಿಂಗಳು ಬಿಟ್ಟು ಹತ್ತು ತಿಂಗಳು 6,000ದಂತೆ ಹಾಕಿ. ಸಂಬಳ 1ಕ್ಕೆ ಬಂದರೆ 3ನೇ ತಾರೀಖಿಗೆ ತಾನೇ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಸೂಚನೆ ಕೊಡಿ. ತಿಂಗಳ ಕೊನೆಗೆ ಉಳಿದದ್ದನ್ನು ಹಾಕುತ್ತೇನೆ ಎಂದರೆ ಉಳಿಯುವುದಿಲ್ಲ. ಈ ಕೆಲಸಕ್ಕೆ ಅಂಚೆ ಕಚೇರಿಯ ಆರ್.ಡಿ. (ತಿಂಗಳಿಗೆ ಇಷ್ಟೆಂದು ಕಟ್ಟುವ ಠೇವಣಿ) ಸರಿಹೊಂದದು: ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ, ತುರ್ತಿಗೆ ಕೈಗೆ ಸಿಗದು. ಪಿ.ಪಿ.ಎಫ್. (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ನಿಮ್ಮ ಗುರಿಯಾಗಿದ್ದರೆ ತಿಂಗಳ 5ರೊಳಗೆ ಹಣ ಖಾತೆಯಲ್ಲಿರಲಿ. 5ನೇ ತಾರೀಖಿನ ನಂತರದಿಂದ ತಿಂಗಳ ಕೊನೆಯವರೆಗಿನ ಕನಿಷ್ಠ ಶಿಲ್ಕಿಗೆ ಬಡ್ಡಿ ಕಟ್ಟುವುದರಿಂದ 6ಕ್ಕೆ ಹಾಕಿದ ದುಡ್ಡಿಗೆ ಆ ತಿಂಗಳ ಬಡ್ಡಿ ಇಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದವರು ಮಾತ್ರ ಇದೆಲ್ಲ ಬದಿಗಿಟ್ಟು ಮೊದಲು ಅದನ್ನು ತೀರಿಸಿ. ಯಾವ ಉಳಿತಾಯದ ಬಡ್ಡಿಯೂ ಅದರ ಬಡ್ಡಿಯ ಹತ್ತಿರ ಬರುವುದಿಲ್ಲ.

ಭಾನುವಾರದ ಹದಿನೈದು ನಿಮಿಷ

ಒಂದು ವಾರದ ಬರಹ ಇಷ್ಟೇ ಇರಬೇಕು:

ವಾರ 6.
ನಡಿಗೆ 2/4. ಮಂಗಳವಾರ, ಗುರುವಾರ ತಪ್ಪಿತು. ಎರಡೂ ದಿನ ಆಫೀಸಿನಿಂದ ಬಂದದ್ದು 7.30ರ ಮೇಲೆ.
ಉಳಿತಾಯ: 6,000 ಹೋಗಿದೆ, 3ನೇ ತಾರೀಖು.
ಓದು 40/75. ಹಾಸಿಗೆಯಲ್ಲಿ ಪುಸ್ತಕ ಹಿಡಿದರೆ ನಿದ್ದೆ.
ಮುಂದಿನ ವಾರ: ಮಂಗಳವಾರ, ಗುರುವಾರದ ನಡಿಗೆ ಬೆಳಿಗ್ಗೆ 6ಕ್ಕೆ.

ಇದರಲ್ಲಿ ಎರಡು ಗಮನಿಸಿ. ತಪ್ಪಿದ್ದಕ್ಕೆ ಬರೆದ ಕಾರಣ ಒಂದು ಘಟನೆ: ಹೊತ್ತು, ಜಾಗ, ದಿನ. "ಸೋಮಾರಿತನ" ಎಂದು ಬರೆದಿದ್ದರೆ ಮುಂದಿನ ವಾರ ಬದಲಾಯಿಸಲು ಏನೂ ಇರುತ್ತಿರಲಿಲ್ಲ. ಎರಡನೆಯದು, ಓದೂ ಕುಂಟಿದೆ, ಆದರೂ ಬದಲಾವಣೆ ಒಂದೇ. ವಾರಕ್ಕೆ ಒಂದನ್ನೇ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುತ್ತದೆ. ಪುಸ್ತಕವನ್ನು ಆಫೀಸ್ ಚೀಲಕ್ಕೆ ಹಾಕಿ ಬಸ್ಸಿನಲ್ಲಿ ಓದುವುದು ಏಳನೇ ವಾರದ ಕೆಲಸ.

ತಪ್ಪಿದ ದಿನಗಳನ್ನು ಮುಂದಿನ ವಾರಕ್ಕೆ ಸಾಲವಾಗಿ ಒಯ್ಯಬೇಡಿ. ಈ ವಾರದ ಎರಡು ಸೇರಿಸಿ ಮುಂದಿನ ವಾರ ಆರು ದಿನ ನಡೆಯುತ್ತೇನೆ ಎಂದವರು ಮೂರನೇ ವಾರಕ್ಕೆ ಎಂಟು ದಿನದ ಬಾಕಿ ಇಟ್ಟುಕೊಂಡು ಕೂರುತ್ತಾರೆ. ವಾರಕ್ಕಿರುವುದೇ ಏಳು ದಿನ. ಇಡೀ ಹತ್ತು ದಿನ ಕೈತಪ್ಪಿದ್ದರೆ ಮೊದಲ ವಾರ ಅರ್ಧ ಅಳತೆಗೆ ಮರಳಿ, ಎರಡನೇ ವಾರದಿಂದ ಪೂರ್ತಿ.

ಕೆಟ್ಟ ಭಾನುವಾರದಂದು ಗುರಿಯನ್ನೇ ಇಳಿಸುವ ಆಸೆ ಬರುತ್ತದೆ, ಒಳ್ಳೆಯ ಭಾನುವಾರ ಏರಿಸುವ ಆಸೆ. ಎರಡಕ್ಕೂ ಅಂದು ಅವಕಾಶವಿಲ್ಲ. ಭಾನುವಾರ ಬದಲಾಯಿಸಬಹುದಾದ್ದು ಹೊತ್ತು ಮತ್ತು ಜಾಗ. ಅಂಕಿಯನ್ನು ಮುಟ್ಟುವುದು ಮೂರು ತಿಂಗಳಿಗೊಮ್ಮೆ. ತಿಂಗಳ ಮೊದಲ ಭಾನುವಾರ ಇನ್ನೊಂದು ಹದಿನೈದು ನಿಮಿಷ ಸೇರಿಸಿ ನಾಲ್ಕು ವಾರದ ಕಾರಣಗಳನ್ನು ಒಟ್ಟಿಗೆ ಓದಿ. ಒಂದೇ ಕಾರಣ ಮೂರು ಸಲ ಕಂಡರೆ ಅದನ್ನು ಬಗೆಹರಿಸುವುದೇ ಆ ತಿಂಗಳ ಕೆಲಸ.

ಯುಗಾದಿಗೆ ದೊಡ್ಡ ಲೆಕ್ಕ

"21 ದಿನ ಮಾಡಿದರೆ ಅಭ್ಯಾಸವಾಗುತ್ತದೆ" ಎಂಬ ಮಾತನ್ನು ನಂಬಿ ಜನವರಿ 22ಕ್ಕೆ ನಿರಾಶರಾಗಬೇಡಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ಹೊಸ ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಮಧ್ಯದ ಅಂದಾಜು 66 ದಿನ. ಒಬ್ಬೊಬ್ಬರಿಗೆ 18ರಿಂದ 254ರವರೆಗೆ (12 ವಾರ ದಾಟಿದ್ದು ಲೆಕ್ಕ ಹಾಕಿ ಅಂದಾಜಿಸಿದ್ದು). ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ ಎಂಬುದೂ ಅದರಲ್ಲೇ ಕಂಡಿತು. ಜನವರಿ 1ರಿಂದ 66 ದಿನ ಎಣಿಸಿದರೆ ಮಾರ್ಚ್ ಮೊದಲ ವಾರ. ಯುಗಾದಿ ಅದರ ಬೆನ್ನಿಗೇ ಬರುತ್ತದೆ. ಸೌರಮಾನದ ಪ್ರಕಾರ ಬಿಸು ಆಚರಿಸುವ ಕರಾವಳಿಯವರಿಗೆ ಏಪ್ರಿಲ್ ಮಧ್ಯಕ್ಕೆ. ಹಣಕಾಸು ವರ್ಷ ಮುಗಿಯುವುದೂ ಮಾರ್ಚ್ 31ಕ್ಕೆ. ಹೀಗಾಗಿ ಮೊದಲ ದೊಡ್ಡ ಲೆಕ್ಕಕ್ಕೆ ಇದಕ್ಕಿಂತ ಹದವಾದ ಸಮಯವಿಲ್ಲ. ಜನವರಿಯಲ್ಲಿ ಶುರುಮಾಡಲು ಆಗದಿದ್ದವರೂ ಇಲ್ಲಿಂದಲೇ ತೊಡಗಬಹುದು.

ಅಂದು ಒಂದು ಗಂಟೆ. ಪ್ರತಿ ಗುರಿಗೂ ಕಳೆದ ವಾರಗಳಲ್ಲಿ ಎಷ್ಟು ವಾರ ಅಳತೆ ಮುಟ್ಟಿದ್ದೀರಿ ಎಂದು ಎಣಿಸಿ. ಹನ್ನೊಂದು ವಾರದಲ್ಲಿ ಎಂಟಕ್ಕಿಂತ ಹೆಚ್ಚಿದ್ದರೆ ಅಂಕಿಯನ್ನು ಹತ್ತರಲ್ಲೊಂದು ಪಾಲು ಏರಿಸಬಹುದು, ಏರಿಸದೆಯೂ ಇರಬಹುದು. ನಾಲ್ಕರಿಂದ ಎಂಟಿದ್ದರೆ ಅಂಕಿ ಸರಿಯಿದೆ, ಮೂರನೇ ಸಾಲಿನ ಕೊಂಡಿ ಬದಲಿಸಿ. ನಾಲ್ಕಕ್ಕಿಂತ ಕಡಿಮೆಯಿದ್ದರೆ ಒಂದೇ ಪ್ರಶ್ನೆ: ಇದು ನಿಮಗೆ ಬೇಕಾದ ಗುರಿಯೋ, ಯಾರೋ ಮಾಡುತ್ತಿದ್ದಾರೆಂದು ಬರೆದದ್ದೋ? ಎರಡನೆಯದಾದರೆ ಅಡ್ಡಗೆರೆ ಎಳೆದು, ತಾರೀಖು ಹಾಕಿ, ಕೊನೆಯ ಪುಟದಿಂದ ಇನ್ನೊಂದನ್ನು ಮೇಲೆ ತನ್ನಿ. ಬೇಕಾದದ್ದೇ ಆಗಿದ್ದರೆ ಅಳತೆಯನ್ನು ಅರ್ಧ ಮಾಡಿ. ಪುಟ ಹರಿಯಬೇಡಿ, ಹರಿದರೆ ಮುಂದಿನ ಡಿಸೆಂಬರ್‌ನಲ್ಲಿ ಅದೇ ಗುರಿಯನ್ನು ಅದೇ ಅಂಕಿಯೊಂದಿಗೆ ಮತ್ತೆ ಬರೆಯುತ್ತೀರಿ.

ಇದೇ ಲೆಕ್ಕವನ್ನು ಜೂನ್ ಕೊನೆಗೆ, ಸೆಪ್ಟೆಂಬರ್ ಕೊನೆಗೆ ಮತ್ತೆ ನೋಡಿ. ಗಣೇಶನ ಹಬ್ಬದಿಂದ ದೀಪಾವಳಿಯವರೆಗೆ ತಿಂಡಿ, ಪ್ರಯಾಣ, ಬಟ್ಟೆ ಎಂದು ಎಲ್ಲವೂ ಸಡಿಲಾಗುವ ಕಾಲ. ಆ ವಾರಗಳಿಗೆ ಮೊದಲೇ ಕೆಟ್ಟ ದಿನದ ಅಳತೆಯನ್ನೇ ಪೂರ್ತಿ ಅಳತೆಯೆಂದು ಬರೆದಿಟ್ಟುಕೊಂಡರೆ ಹಬ್ಬವೂ ಆಗುತ್ತದೆ, ಪುಸ್ತಕವೂ ಮುಚ್ಚುವುದಿಲ್ಲ.

ಡಿಸೆಂಬರ್‌ನಲ್ಲಿ ಹೊಸ ನೋಟ್‌ಬುಕ್ ತಂದಾಗ ಹಳೆಯದರಿಂದ ಮೂರೇ ಸಂಗತಿ ನಕಲು ಮಾಡಿಕೊಳ್ಳಿ: ನಿಜವಾಗಿ ನಡೆದ ವಾರಗಳ ಸಂಖ್ಯೆ, ಎಲ್ಲಕ್ಕಿಂತ ಹೆಚ್ಚು ಸಲ ಬರೆದ ಕಾರಣ, ಮತ್ತು ಕೆಲಸ ಮಾಡಿದ ಕೊಂಡಿ. ನಡೆದದ್ದು 31 ವಾರವಾಗಿದ್ದರೆ ಮುಂದಿನ ವರ್ಷದ ಲೆಕ್ಕ 40ಕ್ಕೆ ಬೇಡ, 31ಕ್ಕೆ ಹಾಕಿ.